ಲಾರಿ ಕಂಪೆನಿಗೆ ಸೇರುವ ಹೊಸ ಡ್ರೈವರರು ತಿಳಿದಿರಬೇಕಾದ ಸಂಗತಿಗಳು



ನಮ್ಮ ಬ್ಲಾಕಿನ ಈ ಪತ್ರಿಕೆಯಲ್ಲಿ ಬೀಜೋಪಚಾರ, ಕಾಂಪೋಸ್ಟು ಗುಂಡಿ, ಬದು ಹಾಕುವುದು ಮೊದಲಾದ ವಿಷಯಗಳನ್ನು ನೀವು ಓದುತ್ತ ಬಂದಿದ್ದೀರಿ. ಈ ಸಲದ ಪಾಠ ಹೊಲದ್ದಲ್ಲ, ರಸ್ತೆಯದು. ಇದಕ್ಕೆ ಕಾರಣವುಂಟು. ಮಳೆ ಕೈಕೊಟ್ಟ ವರ್ಷ ಶೇಂಗಾ, ಈರುಳ್ಳಿ ಬೆಳೆಯುವ ನಮ್ಮ ಮನೆಗಳಿಂದ ಹುಡುಗರು ದುಡಿಮೆಗೆ ಹೊರಗೆ ಹೋಗುವುದು ಹೊಸದೇನಲ್ಲ. ಪುಣೆ-ಬೆಂಗಳೂರು ಹೆದ್ದಾರಿ ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ತುಮಕೂರುಗಳನ್ನು ಮುಟ್ಟಿಕೊಂಡು ಹೋಗುವುದರಿಂದ ನಮ್ಮ ಕಡೆಯ ಹುಡುಗರಿಗೆ ಕಣ್ಣಿಗೆ ಮೊದಲು ಬೀಳುವ ಕೆಲಸ ಲಾರಿಯದು. ಗೊಬ್ಬರ, ಬೀಜದ ಮಾತು ಮುಗಿದ ಮೇಲೆ ಅನೇಕ ಮನೆಗಳಲ್ಲಿ ಕೇಳುವ ಪ್ರಶ್ನೆಯೂ ಇದೇ: “ಹುಡುಗ ಲಾರಿ ಕಂಪೆನಿಗೆ ಸೇರುತ್ತೇನೆ ಅನ್ನುತ್ತಾನೆ, ಕಳಿಸಬಹುದೇ?”

ಕಳಿಸಬಹುದು. ಮರ್ಯಾದೆಯ ಕೆಲಸವದು. ನಾವು ಬೆಳೆದದ್ದು ಪೇಟೆ ಮುಟ್ಟುವುದೂ, ಪೇಟೆಯ ಗೊಬ್ಬರ ನಮ್ಮ ಊರು ಮುಟ್ಟುವುದೂ ಡ್ರೈವರನ ಕೈಯಿಂದಲೇ. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಆರಂಭಿಸಿದ ಸಾಗಣೆ ಕಂಪೆನಿ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ದೇಶದ ದೊಡ್ಡ ಕಂಪೆನಿಗಳಲ್ಲಿ ಒಂದಾಯಿತು. ಹಾಗಾಗಿ ಈ ಕಸಬಿಗೆ ನಮ್ಮ ನಾಡಿನಲ್ಲಿ ಭವಿಷ್ಯವಿಲ್ಲ ಎನ್ನುವಂತಿಲ್ಲ. ಆದರೆ ಬಿತ್ತುವ ಮುಂಚೆ ಮಣ್ಣು ನೋಡುವ ರೈತನು ಮಗನನ್ನು ಕೆಲಸಕ್ಕೆ ಕಳಿಸುವ ಮುಂಚೆ ಕೆಲಸವನ್ನೂ ನೋಡಬೇಕಷ್ಟೆ. ಬಾಯಿಮಾತಿನ ಮೇಲೆ ಲಾರಿ ಹತ್ತಿದವನು ಲೆಕ್ಕದಲ್ಲಿಯೂ ಸೋಲುತ್ತಾನೆ, ಆಪತ್ತು ಬಂದಾಗ ಕೈ ಹಿಡಿಯುವವರಿಲ್ಲದೆಯೂ ಸೋಲುತ್ತಾನೆ. ಸೇರುವ ಮುಂಚೆ ಏನು ಕೇಳಬೇಕು, ಸೇರಿದ ಮೊದಲ ವರ್ಷ ಏನೇನು ಎದುರಾಗುತ್ತದೆ ಎಂಬುದನ್ನು ಕೆಳಗೆ ಒಂದೊಂದಾಗಿ ಬರೆದಿದೆ. ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಬೇಕಾಗಿ ವಿನಂತಿ.

ಲೈಸೆನ್ಸಿನ ಮಾತು

ಟ್ರ್ಯಾಕ್ಟರು ಹೊಡೆದ ಕೈಗೆ ಲಾರಿ ಏನು ಮಹಾ ಎಂದು ಹುಡುಗರು ಹೇಳುವುದುಂಟು. ಕಾನೂನು ಹಾಗೆ ಹೇಳುವುದಿಲ್ಲ. ಮೋಟಾರು ವಾಹನಗಳ ಕಾಯ್ದೆ, 1988ರ ಪ್ರಕಾರ ಸಾಗಣೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಹಗುರ ವಾಹನದ ಲೈಸೆನ್ಸು ಕೈಯಲ್ಲಿದ್ದು ಒಂದು ವರ್ಷವಾದರೂ ಕಳೆದಿರಬೇಕು. ಆಮೇಲೆಯೇ ದೊಡ್ಡ ಗಾಡಿಗೆ ಕಲಿಕಾ ಲೈಸೆನ್ಸು ಸಿಗುವುದು. ಅಂದರೆ 18ಕ್ಕೆ ಹಗುರ ವಾಹನದ ಲೈಸೆನ್ಸು ಮಾಡಿಸಿಕೊಂಡವನು 20ಕ್ಕೆ ಸಿದ್ಧನಾಗುತ್ತಾನೆ. 20ರವರೆಗೆ ಸುಮ್ಮನಿದ್ದವನು ಇನ್ನೂ ಒಂದು ವರ್ಷ ಕಾಯಬೇಕಾಗುತ್ತದೆ.

ಹಗುರ ವಾಹನವೆಂದರೆ ಒಟ್ಟು ತೂಕ 7,500 ಕಿಲೋ ಮೀರದ್ದು. ಇಷ್ಟರೊಳಗಿನ ಸಣ್ಣ ಸರಕು ಗಾಡಿಯನ್ನು ಹಗುರ ವಾಹನದ ಲೈಸೆನ್ಸಿನಿಂದಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಅದಕ್ಕಿಂತ ಭಾರದ ಲಾರಿಗೆ ಬೇರೆ ಲೈಸೆನ್ಸು ಬೇಕೇ ಬೇಕು. ಮೊದಲು ಎಂಟನೆಯ ತರಗತಿ ಓದಿರಬೇಕೆಂಬ ನಿಯಮವಿತ್ತು. 2019ರಲ್ಲಿ ಅದನ್ನು ತೆಗೆದುಹಾಕಿದರು. ಆದರೂ ಓದುಬರಹ ಬಾರದೆ ಈ ಕೆಲಸ ಬಹಳ ಕಷ್ಟ. ಬಿಲ್ಲು ಓದಬೇಕು, ಫಲಕ ಓದಬೇಕು, ಲೆಕ್ಕ ಬರೆಯಬೇಕು.

ಸಾಗಣೆ ವಾಹನದ ಲೈಸೆನ್ಸು ಈಗ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಪೆಟ್ರೋಲು, ಗ್ಯಾಸು ಮುಂತಾದ ಅಪಾಯದ ಸರಕಿನ ಟ್ಯಾಂಕರಿಗೆ ವಿಶೇಷ ತರಬೇತಿಯ ಪತ್ರ ಬೇಕು. ಅದರ ಅವಧಿ ಮೂರು ವರ್ಷ. 2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಿಗೂ ನಿಯಮವಾಗಿದೆ. ಅಂಥ ಕೇಂದ್ರದಲ್ಲಿ ಭಾರಿ ವಾಹನದ ಕಲಿಕೆ ಆರು ವಾರಗಳಲ್ಲಿ 38 ಗಂಟೆಯದು. ಎರಡು ದಿನದಲ್ಲಿ ಲೈಸೆನ್ಸು ಮಾಡಿಸಿಕೊಡುತ್ತೇನೆಂಬ ದಲ್ಲಾಳಿಗೆ ಹಣ ಕೊಡಬೇಡಿ. ಅವನು ಕೊಡಿಸುವುದು ಕಾಗದ, ಕೈಚಳಕವನ್ನಲ್ಲ.

ಕಂಪೆನಿಯ ಬಾಗಿಲಲ್ಲಿ

ಕಂಪೆನಿಯವರು ಮೊದಲು ಲೈಸೆನ್ಸು, ಆಧಾರ್, ಬ್ಯಾಂಕಿನ ಪುಸ್ತಕ ನೋಡುತ್ತಾರೆ. ಕೆಲವರು ಪೊಲೀಸು ಪರಿಶೀಲನೆಯ ಪತ್ರವನ್ನೂ, ಊರಿನ ಇಬ್ಬರು ತಿಳಿದವರ ಹೆಸರನ್ನೂ ಕೇಳುತ್ತಾರೆ. ಇದರಲ್ಲಿ ಬೇಸರಪಡುವಂಥದೇನೂ ಇಲ್ಲ. ಲಕ್ಷಾಂತರ ರೂಪಾಯಿಯ ಗಾಡಿ ಮತ್ತು ಸರಕನ್ನು ಒಬ್ಬನ ಕೈಗೆ ಒಪ್ಪಿಸುವವರು ವಿಚಾರಿಸುವುದು ನ್ಯಾಯವೇ. ಆದರೆ ಒಂದು ಮಾತು ನೆನಪಿರಲಿ: ತೋರಿಸುವುದು ಮೂಲ ಕಾಗದ, ಕೊಡುವುದು ನಕಲು. ಮೂಲ ಲೈಸೆನ್ಸನ್ನು ಆಫೀಸಿನಲ್ಲಿ ಒತ್ತೆಯಿಟ್ಟವನು ಬೇಕೆಂದಾಗ ಕೆಲಸ ಬಿಟ್ಟು ಬರಲಾರ.

ಅನಂತರ ಗಾಡಿ ಓಡಿಸಿ ತೋರಿಸಲು ಹೇಳುತ್ತಾರೆ. ನೆಟ್ಟಗಿನ ರಸ್ತೆಯಲ್ಲಿ ಓಡಿಸುವುದನ್ನು ಅವರು ಹೆಚ್ಚು ನೋಡುವುದಿಲ್ಲ. ಹಿಂದಕ್ಕೆ ತೆಗೆದು ಗೋದಾಮಿನ ಕಟ್ಟೆಗೆ ಹಚ್ಚುವುದು, ಏರಿನಲ್ಲಿ ಜಾರದಂತೆ ಎತ್ತುವುದು, ಗಾಡಿ ಏರುವ ಮುಂಚೆ ಸುತ್ತ ನೋಡುವುದು, ಇವನ್ನು ನೋಡುತ್ತಾರೆ. ಬಂಡಿಯನ್ನು ಹಿಂದಕ್ಕೆ ನೂಕಿ ಕಣದಲ್ಲಿ ನಿಲ್ಲಿಸಿದ ಅನುಭವವಿರುವವರಿಗೆ ಇದರ ಕಷ್ಟ ಗೊತ್ತು.

ಕೆಲಸ ಒಪ್ಪಿದ ಮೇಲೆ ನೇಮಕಾತಿ ಪತ್ರ ಕೇಳಿರಿ. ಡ್ರೈವರರ ದುಡಿಮೆಯ ವೇಳೆಗೆ ಮೊದಲು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎಂದು ಅದು ಕಟ್ಟುಮಾಡಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಅದರ ಸ್ಥಾನ ಪಡೆದಿವೆ. ದಿನಕ್ಕೆ 8 ಗಂಟೆಯ ದುಡಿಮೆ, ಹೆಚ್ಚಿನ ವೇಳೆಗೆ ಎರಡರಷ್ಟು ಕೂಲಿ, ಕೆಲಸಗಾರನಿಗೆ ನೇಮಕಾತಿ ಪತ್ರ, ಇವು ಹೊಸ ಸಂಹಿತೆಯಲ್ಲಿವೆ. ರಸ್ತೆಯಲ್ಲಿ ನಡೆಯುವುದು ಎಷ್ಟೋ ಸಲ ಬೇರೆಯೇ ಎಂಬುದು ನಿಜ. ಆದರೂ ಪತ್ರ ಕೈಯಲ್ಲಿದ್ದವನಿಗೆ ಕೇಳಲು ಬಾಯಿರುತ್ತದೆ. ಪತ್ರವಿಲ್ಲದವನು ಆ ಕಂಪೆನಿಯ ಡ್ರೈವರನೆಂಬುದನ್ನೇ ರುಜುವಾತು ಮಾಡಲು ಒದ್ದಾಡಬೇಕಾಗುತ್ತದೆ.

ಮೊದಲ ತಿಂಗಳುಗಳು

ಸೇರಿದ ದಿನವೇ ಹೊಸ ಲಾರಿ ಕೊಟ್ಟು ಮುಂಬಯಿಗೆ ಕಳಿಸುತ್ತಾರೆಂದು ತಿಳಿಯಬೇಡಿ. ಒಳ್ಳೆಯ ಕಂಪೆನಿಗಳಲ್ಲಿ ಹೊಸಬನನ್ನು ಮೊದಲು ಹಳೆಯ ಡ್ರೈವರನ ಜೊತೆಗೆ ಹಾಕುತ್ತಾರೆ. ಸಣ್ಣ ಮಾಲೀಕರಲ್ಲಿ ಕ್ಲೀನರಾಗಿ ಸೇರಿ, ಕೆಲವು ಕಾಲದ ಮೇಲೆ ಚಕ್ರ ಹಿಡಿಯುವ ಪದ್ಧತಿ ಇನ್ನೂ ಇದೆ. ಈ ಕಾಲವನ್ನು ನಷ್ಟವೆಂದು ಎಣಿಸಬಾರದು. ಯಾವ ತಿರುವು ಮೋಸದ್ದು, ಎಲ್ಲಿ ರಾತ್ರಿ ನಿಲ್ಲಿಸಬಹುದು, ಯಾವ ಗೋದಾಮಿನಲ್ಲಿ ಎಷ್ಟು ಹೊತ್ತು ಕಾಯಬೇಕು ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಜೊತೆಗಿರುವ ಅಣ್ಣನಿಗೆ ಗೊತ್ತು. ಅವರನ್ನು ಕೇಳಿರಿ, ಕೇಳಿದ್ದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿರಿ.

ಹೊಸಬನಿಗೆ ಹಳೆಯ ಗಾಡಿ, ಕಷ್ಟದ ಮಾರ್ಗ, ಹಬ್ಬದ ದಿನದ ಪಾಳಿ ಸಿಗುವುದು ಸಾಮಾನ್ಯ. ಯುಗಾದಿಗೆ ಮನೆಯಲ್ಲಿರುತ್ತೇನೆಂದು ಮಾತು ಕೊಟ್ಟು ಬರಬೇಡಿ. ಇನ್ನೊಂದು ಸಂಗತಿಯೆಂದರೆ ಕಾಯುವುದು. ಓಡಿಸುವ ಹೊತ್ತಿಗಿಂತ ಲೋಡು ತುಂಬಲು, ಇಳಿಸಲು ಕಾಯುವ ಹೊತ್ತೇ ಕೆಲವು ಸಲ ಹೆಚ್ಚಾಗುತ್ತದೆ. ಮಳೆಗೆ ಕಾದ ರೈತನಿಗೆ ತಾಳ್ಮೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ಕಾದ ದಿನಕ್ಕೆ ಬಾಟಾ ಉಂಟೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿಕೊಳ್ಳತಕ್ಕದ್ದು.

ಸಂಬಳ, ಬಾಟಾ ಮತ್ತು ಡೀಸೆಲ್ ಲೆಕ್ಕ

ಡ್ರೈವರನ ಗಳಿಕೆ ಸಾಮಾನ್ಯವಾಗಿ ಎರಡು ಭಾಗ. ಒಂದು ತಿಂಗಳ ಸಂಬಳ. ಇನ್ನೊಂದು ಬಾಟಾ, ಇದು ದಿನಕ್ಕಾಗಲಿ, ಟ್ರಿಪ್ಪಿಗಾಗಲಿ, ಕಿಲೋಮೀಟರಿಗಾಗಲಿ ಗೊತ್ತುಮಾಡಿದ ಹಣ. ಕೆಲವು ಕಡೆ ಸಂಬಳ ಕಡಿಮೆ, ಬಾಟಾ ಹೆಚ್ಚು. ಕೇಳಲು ದೊಡ್ಡ ಮೊತ್ತವೆನಿಸಿದರೂ ಊಟ, ತಿಂಡಿ, ಸ್ನಾನ ಎಲ್ಲವೂ ಆ ಬಾಟಾದಲ್ಲಿಯೇ ಆಗಬೇಕಾದರೆ ಮನೆಗೆ ಉಳಿಯುವುದು ಬೇರೆ ಲೆಕ್ಕ. ಆದುದರಿಂದ “ತಿಂಗಳಿಗೆ ಎಷ್ಟು ಬರುತ್ತದೆ?” ಎಂದು ಕೇಳಬೇಡಿ. “ಯಾವುದು ಸಂಬಳ, ಯಾವುದು ಬಾಟಾ, ಯಾವುದು ಕಡಿತ?” ಎಂದು ಬಿಡಿಸಿ ಕೇಳಿರಿ.

ಟ್ರಿಪ್ಪಿಗೆ ಹೊರಡುವಾಗ ಖರ್ಚಿಗೆಂದು ಮುಂಗಡ ಕೊಡುತ್ತಾರೆ. ತಿರುಗಿ ಬಂದ ಮೇಲೆ ರಸೀದಿಗಳೊಡನೆ ಲೆಕ್ಕ ಒಪ್ಪಿಸಬೇಕು. ಪಂಕ್ಚರು, ಹಮಾಲಿ, ನಿಲುಗಡೆ ಶುಲ್ಕ, ಯಾವುದೇ ಇರಲಿ, ಚೀಟಿ ಇಲ್ಲದ ಖರ್ಚು ಡ್ರೈವರನ ತಲೆಗೇ ಬರುತ್ತದೆ. ಟೋಲಿನ ಹಣ ಈಗ ಫಾಸ್ಟ್‌ಟ್ಯಾಗಿನಿಂದ ಕಡಿತವಾಗುತ್ತದೆ. 2021ರ ಫೆಬ್ರವರಿಯಿಂದ ಇದು ಕಡ್ಡಾಯವಾಗಿದೆ. ಆದುದರಿಂದ ಆ ಒಂದು ತಲೆನೋವು ಕಡಿಮೆ.

ಹೊಸಬರು ಹೆಚ್ಚು ಸೋಲುವುದು ಡೀಸೆಲ್ ಲೆಕ್ಕದಲ್ಲಿ. ಲೀಟರಿಗೆ ಇಷ್ಟು ಕಿಲೋಮೀಟರು ಬರಬೇಕೆಂದು ಕಂಪೆನಿಯು ಗೊತ್ತುಮಾಡಿರುತ್ತದೆ. ಕಡಿಮೆ ಬಂದರೆ ಕೆಲವರು ಸಂಬಳದಲ್ಲಿ ಹಿಡಿಯುತ್ತಾರೆ, ಹೆಚ್ಚು ಬಂದರೆ ಕೆಲವರು ಬಹುಮಾನ ಕೊಡುತ್ತಾರೆ. ತಿಳಿಯಲೆಂದು ಒಂದು ಲೆಕ್ಕ ಹಾಕೋಣ. ಹೋಗಿಬರುವ ದಾರಿ 800 ಕಿಲೋಮೀಟರು. ಲೀಟರಿಗೆ 4 ಕಿಲೋಮೀಟರು ಎಂದು ಗೊತ್ತಾಗಿದೆ. ಹಾಗಾದರೆ 200 ಲೀಟರು ಸಾಕು. ನೀವು 210 ಲೀಟರು ಸುಟ್ಟಿರಿ ಎನ್ನಿ. ಲೀಟರಿಗೆ 90 ರೂಪಾಯಿ ಹಿಡಿದರೆ 900 ರೂಪಾಯಿ ನಿಮ್ಮ ಲೆಕ್ಕಕ್ಕೆ ಬೀಳುತ್ತದೆ. ತಿಂಗಳಿಗೆ ಇಂಥ ಆರು ಟ್ರಿಪ್ಪಾದರೆ 5,400 ರೂಪಾಯಿ ಹೋಯಿತು.

ಡೀಸೆಲ್ ಹೆಚ್ಚು ಸುಡಲು ಕಾರಣಗಳಿವು: ಟೈರಿನಲ್ಲಿ ಗಾಳಿ ಕಡಿಮೆ ಇರುವುದು, ಏರ್ ಫಿಲ್ಟರಿನಲ್ಲಿ ಧೂಳು ತುಂಬಿರುವುದು, ನಿಂತಲ್ಲಿ ಇಂಜಿನು ಓಡುತ್ತಿರುವುದು, ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುವುದು, ವೇಗವಾಗಿ ಹೋಗಿ ಗಕ್ಕನೆ ಬ್ರೇಕು ಹಾಕುವುದು. ಇವು ನಿಮ್ಮ ಕೈಯಲ್ಲಿರುವಂಥವು. ಗಾಡಿಯೇ ಹಳೆಯದಾಗಿದ್ದರೆ, ಭಾರ ಹೆಚ್ಚಾಗಿದ್ದರೆ, ಅದು ನಿಮ್ಮ ತಪ್ಪಲ್ಲ. ಆದುದರಿಂದ ಯಾವ ಗಾಡಿಗೆ, ಯಾವ ಭಾರಕ್ಕೆ, ಯಾವ ಮಾರ್ಗಕ್ಕೆ ಎಷ್ಟು ಎಂದು ಮೊದಲೇ ಬರೆಯಿಸಿಕೊಳ್ಳಿರಿ. ಪ್ರತಿ ಟ್ರಿಪ್ಪಿನಲ್ಲಿ ಹೊರಟಾಗಿನ ಮತ್ತು ಮುಟ್ಟಿದಾಗಿನ ಮೀಟರು, ಹಾಕಿಸಿದ ಲೀಟರು, ತೂಕ, ಕಾದ ಗಂಟೆ ಇವನ್ನು ನಿಮ್ಮ ಸ್ವಂತ ಪುಸ್ತಕದಲ್ಲಿಯೂ ಬರೆಯಿರಿ.

ಮದುವೆಗೋ ಬೋರ್‌ವೆಲ್ಲಿಗೋ ಎಂದು ಮಾಲೀಕನಿಂದ ದೊಡ್ಡ ಮುಂಗಡ ತೆಗೆಯುವ ಪದ್ಧತಿ ಕೆಲವು ಮನೆಗಳಲ್ಲಿದೆ. ಮುಂಗಡ ತೀರುವ ತನಕ ಹುಡುಗ ಬೇಡವೆಂದ ಟ್ರಿಪ್ಪಿಗೂ ಹೋಗಲೇಬೇಕಾಗುತ್ತದೆ, ನಿದ್ದೆಯಿಲ್ಲದಿದ್ದರೂ ಹೊರಡಬೇಕಾಗುತ್ತದೆ. ತಂದೆತಾಯಿಗಳು ಇದನ್ನು ಚೆನ್ನಾಗಿ ವಿಚಾರಮಾಡಬೇಕು. ಸಾಲ ಬೇಕಾದರೆ ಸಹಕಾರ ಸಂಘವಿದೆ, ಬ್ಯಾಂಕಿದೆ. ಮಗನ ದುಡಿಮೆಯನ್ನು ಒತ್ತೆಯಿಡಬೇಡಿ.

ಭಾರದ ವಿಷಯ

ಬಂಡಿಗೆ ಎತ್ತಿನ ಶಕ್ತಿ ನೋಡಿ ಹೇರುತ್ತೇವೆ. ಲಾರಿಗೆ ಅದರ ಆರ್.ಸಿ. ಪುಸ್ತಕದಲ್ಲಿಯೇ ಒಟ್ಟು ತೂಕ ಬರೆದಿರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಈ ಮಿತಿಯನ್ನು ಏರಿಸಿತು: ಎರಡು ಆಕ್ಸಲಿನ ಲಾರಿಗೆ 16.2ರಿಂದ 18.5 ಟನ್ನು, ಮೂರು ಆಕ್ಸಲಿನದಕ್ಕೆ 25ರಿಂದ 28.5 ಟನ್ನು. ಇದು ಗಾಡಿಯ ತೂಕವೂ ಸೇರಿ. ಖಾಲಿ ಲಾರಿ 6.5 ಟನ್ನು ಇದ್ದರೆ ಸರಕು 12 ಟನ್ನಷ್ಟೆ.

ಮಿತಿ ಮೀರಿದರೆ 2019ರ ತಿದ್ದುಪಡಿಯ ಪ್ರಕಾರ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ. ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಮೂರು ಟನ್ನು ಹೆಚ್ಚಾದರೆ 26,000 ಆಯಿತು; ಹೆಚ್ಚಿನದನ್ನು ಇಳಿಸುವ ಖರ್ಚು ಬೇರೆ. ಕಾನೂನು ಹೊಣೆ ಹೊರಿಸುವುದು ಹೇರಿಸಿದವನ ಮೇಲೆ ಮಾತ್ರವಲ್ಲ, ಓಡಿಸುವವನ ಮೇಲೆಯೂ. “ಮಾಲೀಕರು ಹೇಳಿದರು” ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಪ್ರಾಣ. ಭಾರ ಹೆಚ್ಚಾದ ಗಾಡಿ ಬ್ರೇಕಿಗೆ ಬೇಗ ನಿಲ್ಲುವುದಿಲ್ಲ, ತಿರುವಿನಲ್ಲಿ ಮಗುಚುತ್ತದೆ, ಟೈರು ಕಾದು ಒಡೆಯುತ್ತದೆ. ತೂಕದ ಚೀಟಿ ನೋಡಿಯೇ ಹೊರಡಿರಿ.

ಕಾಗದಪತ್ರಗಳು

ಗಾಡಿಗೆ ಸೇರಿದ ಕಾಗದಗಳು: ಆರ್.ಸಿ., ಪರ್ಮಿಟ್ಟು, ಎಫ್.ಸಿ., ವಿಮೆ, ತೆರಿಗೆ, ಹೊಗೆ ತಪಾಸಣೆಯ ಪತ್ರ. ಇವುಗಳ ಅವಧಿಯನ್ನು ಹೊರಡುವ ಮುಂಚೆ ನೀವೇ ನೋಡಬೇಕು. ಫೋನಿನ ಡಿಜಿಲಾಕರ್, ಎಂ-ಪರಿವಾಹನ್‌ಗಳಲ್ಲಿ ತೋರಿಸಿದರೂ ನಡೆಯುತ್ತದೆ. ವಿಮೆ ಮುಗಿದ ಗಾಡಿಯನ್ನು ಒಂದು ಮೈಲಿಯೂ ಓಡಿಸಬೇಡಿ.

ಸರಕಿಗೆ ಸೇರಿದ ಕಾಗದಗಳು: ಬಿಲ್ಲು, ಎಲ್.ಆರ್. ರಸೀದಿ, ಇ-ವೇ ಬಿಲ್ಲು. 2018ರ ಏಪ್ರಿಲ್ 1ರಿಂದ ರಾಜ್ಯದಿಂದ ರಾಜ್ಯಕ್ಕೆ ಹೋಗುವ 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ಲು ಬಂದಿದೆ. 2021ರಿಂದ ಇದರ ಅವಧಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ದಾರಿಯಲ್ಲಿ ಗಾಡಿ ಕೆಟ್ಟರೆ ಕೂಡಲೇ ಆಫೀಸಿಗೆ ತಿಳಿಸಿ ಅವಧಿ ಬೆಳೆಸಲು ಹೇಳಿರಿ. ತಾಜಾ ತರಕಾರಿ, ಹಣ್ಣುಗಳಿಗೆ ಈ ಬಿಲ್ಲು ಬೇಡ. ಎಲ್.ಆರ್.ನಲ್ಲಿ ಬರೆದಷ್ಟು ಚೀಲ ಗಾಡಿಯಲ್ಲಿವೆಯೇ ಎಂದು ಎಣಿಸಿಯೇ ರುಜು ಹಾಕಿರಿ. ಇಳಿಸಿದ ಮೇಲೆ ಮುಟ್ಟಿತೆಂಬ ರುಜು, ಮೊಹರು ತೆಗೆದುಕೊಳ್ಳಿರಿ. ಆ ಕಾಗದ ಕಳೆದರೆ ಬಾಡಿಗೆ ಹಣ ನಿಲ್ಲುತ್ತದೆ. ಅದರೊಡನೆ ನಿಮ್ಮ ಲೆಕ್ಕವೂ ನಿಲ್ಲುತ್ತದೆ.

ಗಾಡಿಯ ಆರೈಕೆ, ಘಾಟಿಯ ಇಳಿತ

ಬೆಳಿಗ್ಗೆ ಎತ್ತಿನ ಗೊರಸು, ಹೆಗಲು ನೋಡುವಂತೆ ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಟೈರು, ನಟ್ಟುಗಳು, ದೀಪಗಳು, ನೀರು, ಆಯಿಲು, ತಾಡಪಾಲಿನ ಹಗ್ಗ ನೋಡಿರಿ. ಲಾರಿಯ ಬ್ರೇಕು ಗಾಳಿಯ ಒತ್ತಡದಿಂದ ಕೆಲಸ ಮಾಡುವಂಥದು. ಇಂಜಿನು ಹಚ್ಚಿದ ಮೇಲೆ ಗಾಳಿಯ ಮುಳ್ಳು ಏರುವ ತನಕ ಗಾಡಿ ಕದಲಿಸಕೂಡದು.

2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಲಾರಿಗಳಲ್ಲಿ ಡೀಸೆಲಿನ ಜೊತೆಗೆ ಬೇರೊಂದು ಟ್ಯಾಂಕಿಗೆ ಹೊಗೆ ಶುದ್ಧಿಯ ದ್ರವವನ್ನೂ ಹಾಕಬೇಕು. ಇದು ಶುದ್ಧ ನೀರಿನಲ್ಲಿ ಶೇಕಡಾ 32.5ರಷ್ಟು ಯೂರಿಯಾ ಕರಗಿಸಿದ್ದು. ಯೂರಿಯಾ ತಾನೇ ಎಂದು ಹೊಲದ ಚೀಲದ ಯೂರಿಯಾವನ್ನು ಬಾವಿ ನೀರಿನಲ್ಲಿ ಕದಡಿ ಹಾಕುವ ಜಾಣತನ ಬೇಡ. ಬೆಳೆಗೆ ಹಾಕುವ ಯೂರಿಯಾಕ್ಕೆ ಬೇವಿನೆಣ್ಣೆ ಸವರಿರುತ್ತದೆ. ಅದರಲ್ಲಿಯೂ, ಬಾವಿಯ ನೀರಿನಲ್ಲಿಯೂ ಇರುವ ಇತರ ಅಂಶಗಳು ಬೆಲೆಬಾಳುವ ಯಂತ್ರವನ್ನು ಕೆಡಿಸುತ್ತವೆ.

ಸಕಲೇಶಪುರದಿಂದ ಮಂಗಳೂರಿಗೆ ಇಳಿಯುವ ಶಿರಾಡಿ ಘಾಟಿಯಂಥ ಕಡೆ ಹೊಸಬರ ಪರೀಕ್ಷೆ. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಡ್ರೈವರರ ಮಾತು. ಡೀಸೆಲ್ ಉಳಿಸಲೆಂದು ನ್ಯೂಟ್ರಲಿನಲ್ಲಿ ಬಿಡುವುದು ಸಾವಿನ ಜೊತೆ ಆಟ. ಎಲ್ಲ ಭಾರವೂ ಬ್ರೇಕಿನ ಮೇಲೆ ಬಿದ್ದು, ಡ್ರಮ್ಮು ಕಾದು, ಕಡೆಗೆ ಬ್ರೇಕು ಹಿಡಿಯುವುದೇ ಇಲ್ಲ. ಕಡಿಮೆ ಗೇರು ಹಾಕಿ ಇಂಜಿನಿನಿಂದಲೇ ಗಾಡಿಯನ್ನು ತಡೆಯಿರಿ. ಎಕ್ಸಾಸ್ಟ್ ಬ್ರೇಕು ಇದ್ದರೆ ಬಳಸಿರಿ. ಮೈಸೂರು ಕಡೆಯಿಂದ ಕೇರಳಕ್ಕೆ ಹೋಗುವವರು ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಬಿಡುವುದಿಲ್ಲವೆಂಬುದನ್ನು ತಿಳಿದು ಹೊರಡಬೇಕು. 2009ರಿಂದ ಈ ನಿರ್ಬಂಧವಿದೆ.

ನಿದ್ದೆ

ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. 60 ಕಿಲೋಮೀಟರು ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಮೂರು ಸೆಕೆಂಡು ಕಣ್ಣು ಮುಚ್ಚಿದರೆ 50 ಮೀಟರು ಗಾಡಿ ಯಾರ ಹಿಡಿತವೂ ಇಲ್ಲದೆ ಹೋಗಿರುತ್ತದೆ. ಅಷ್ಟರಲ್ಲಿ ಒಂದು ಎತ್ತಿನ ಗಾಡಿ, ಶಾಲೆಗೆ ಹೋಗುವ ಮಕ್ಕಳು, ದೀಪವಿಲ್ಲದೆ ನಿಂತ ಟ್ರ್ಯಾಕ್ಟರಿನ ಟ್ರೇಲರು, ಏನಾದರೂ ಬರಬಹುದು.

ನಿದ್ದೆಯನ್ನು ಚಹಾದಿಂದಾಗಲಿ, ಗುಟ್ಕಾದಿಂದಾಗಲಿ, ಹಾಡಿನಿಂದಾಗಲಿ ತೀರಿಸಲಾಗುವುದಿಲ್ಲ. ನಿದ್ದೆ ತೀರುವುದು ಮಲಗಿದರೆ ಮಾತ್ರ. ರಾತ್ರಿ ಎರಡರಿಂದ ಐದರವರೆಗೆ ಮೈ ತಾನಾಗಿ ಜೋಲುವ ಹೊತ್ತು. ಆಕಳಿಕೆ ಮೇಲಿಂದ ಮೇಲೆ ಬಂದರೆ, ಕಳೆದ ಒಂದೆರಡು ಮೈಲಿ ಹೇಗೆ ಬಂದೆನೆಂಬುದು ನೆನಪಾಗದಿದ್ದರೆ, ಗಾಡಿ ಬಿಳಿ ಗೆರೆಯ ಮೇಲೆ ಹೋದರೆ ತಡಮಾಡಬಾರದು. ಪೆಟ್ರೋಲ್ ಬಂಕಿನಲ್ಲಿಯೋ ಲಾರಿ ನಿಲ್ದಾಣದಲ್ಲಿಯೋ ನಿಲ್ಲಿಸಿ ಮಲಗಿರಿ. ರಸ್ತೆಯ ಅಂಚಿನಲ್ಲಿ ದೀಪವಿಲ್ಲದೆ ನಿಲ್ಲಿಸಬೇಡಿ. ಹಗಲಿನಲ್ಲಿಯೂ ಐದು ಗಂಟೆ ಓಡಿಸುವುದರೊಳಗೆ ಅರ್ಧ ಗಂಟೆಯಾದರೂ ಇಳಿದು ಕಾಲಾಡಿಸತಕ್ಕದ್ದು.

“ಬೆಳಗಾಗುವುದರೊಳಗೆ ಮುಟ್ಟಿಸು” ಎಂದು ಫೋನು ಬರುತ್ತದೆ. ಆಗ ಏನು ಹೇಳಬೇಕೆಂಬುದನ್ನು ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿರಿ. “ಸಾರ್, ನಿದ್ದೆ ಬರುತ್ತಿದೆ, ಎರಡು ಗಂಟೆ ಮಲಗಿ ಹೊರಡುತ್ತೇನೆ, ಇಷ್ಟು ಹೊತ್ತಿಗೆ ಮುಟ್ಟುತ್ತೇನೆ” ಎಂದು ವಿನಯದಿಂದ, ಖಂಡಿತವಾಗಿ ಹೇಳಿರಿ. ನಿಂತ ಜಾಗ, ಹೊತ್ತು ತಿಳಿಸಿ ಒಂದು ಸಂದೇಶವನ್ನೂ ಕಳಿಸಿರಿ. ಇದನ್ನು ಒಪ್ಪದ ಕಂಪೆನಿ ನಿಮಗೆ ಬೇಡ. ಲೈಸೆನ್ಸು ಇರುವ ಡ್ರೈವರನಿಗೆ ಇನ್ನೊಂದು ಲಾರಿ ಸಿಗುತ್ತದೆ. ಮನೆಯವರಿಗೆ ಇನ್ನೊಬ್ಬ ಮಗ ಸಿಗುವುದಿಲ್ಲ.

ಕುಡಿತದ ಮಾತು ಹೆಚ್ಚು ಹೇಳಬೇಕಾಗಿಲ್ಲ. 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ ಆಗಬಹುದು. ಬೆನ್ನುನೋವು, ಕಣ್ಣು, ಸಕ್ಕರೆ ಕಾಯಿಲೆ ಇವನ್ನು ವರ್ಷಕ್ಕೊಮ್ಮೆ ತೋರಿಸಿಕೊಳ್ಳಿರಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಮಾಡಿದ್ದಾರೆ. ಹೊಸಬರಿಗೆ ಹಳೆಯ ಗಾಡಿಯೇ ಸಿಗುವುದರಿಂದ ಬಿಸಿಲಿಗೆ ನೀರಿನ ಕ್ಯಾನು ಜೊತೆಗಿರಲಿ.

ಅಪಘಾತವಾದರೆ

ಎಷ್ಟು ಎಚ್ಚರವಿದ್ದರೂ ಆಪತ್ತು ಬರಬಹುದು. ಗಾಯಗೊಂಡವರನ್ನು ಆಸ್ಪತ್ರೆಗೆ ಮುಟ್ಟಿಸುವುದು ಡ್ರೈವರನ ಕರ್ತವ್ಯವೆಂದು ಕಾಯ್ದೆ ಹೇಳುತ್ತದೆ. 108ಕ್ಕೆ ಕರೆಮಾಡಿರಿ, 112ಕ್ಕೆ ಪೊಲೀಸರಿಗೆ ತಿಳಿಸಿರಿ, ಕಂಪೆನಿಗೂ ತಿಳಿಸಿರಿ. ಜನರು ಹೊಡೆಯಲು ಬರುವ ಭಯವಿದ್ದರೆ ಅಲ್ಲಿಂದ ಸರಿದು ನೇರವಾಗಿ ಹತ್ತಿರದ ಠಾಣೆಗೆ ಹೋಗಿರಿ, ಅಡಗಿಕೊಳ್ಳಬೇಡಿ. ವಿವರವನ್ನು 24 ಗಂಟೆಯೊಳಗೆ ಠಾಣೆಗೆ ತಿಳಿಸಲೇಬೇಕು.

2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಜಾಗರೂಕತೆಯಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗೆ ಶಿಕ್ಷೆಯಿದೆ. ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷದವರೆಗೆ ಶಿಕ್ಷೆಯ ಉಪಕಲಮೊಂದನ್ನು ಬರೆದಿದ್ದರು. ಅದರ ವಿರುದ್ಧ 2024ರ ಜನವರಿಯಲ್ಲಿ ದೇಶದ ಅನೇಕ ಕಡೆ ಲಾರಿ ಡ್ರೈವರರು ಮುಷ್ಕರ ಹೂಡಿದರು. ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು. ಆದರೂ ಓಡಿಹೋಗುವುದರಿಂದ ಡ್ರೈವರನಿಗೆ ಒಳ್ಳೆಯದಾಗುವುದಿಲ್ಲ.

ಮನೆಯವರ ಭದ್ರತೆ

20 ಮತ್ತು ಹೆಚ್ಚು ಕೆಲಸಗಾರರಿರುವ ಕಂಪೆನಿಗಳಲ್ಲಿ ಭವಿಷ್ಯನಿಧಿ, 10 ಮತ್ತು ಹೆಚ್ಚು ಜನರಿರುವಲ್ಲಿ ಸಂಬಳದ ಮಿತಿಯೊಳಗಿರುವವರಿಗೆ ಇ.ಎಸ್.ಐ. ಇರಬೇಕು. ಇ.ಎಸ್.ಐ.ನಲ್ಲಿ ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ಸಂಬಳದಲ್ಲಿ ಹಿಡಿಯುತ್ತಾರೆಂದು ಬೇಡವೆನ್ನಬೇಡಿ. ಕಂಪೆನಿಯೂ ತನ್ನ ಪಾಲು ಕಟ್ಟುತ್ತದೆ. ಕೆಲಸದ ವೇಳೆ ಅಪಘಾತವಾದರೆ ನಷ್ಟ ಪರಿಹಾರದ ಹಕ್ಕು ಕೆಲಸಗಾರನಿಗೆ ಇದೆ. ಅದನ್ನು ಪಡೆಯಲು ನಾನು ಮೊದಲು ಹೇಳಿದ ನೇಮಕಾತಿ ಪತ್ರ, ಬ್ಯಾಂಕಿಗೆ ಬಂದ ಸಂಬಳದ ದಾಖಲೆ ಇವೇ ಆಧಾರ. ಆದುದರಿಂದ ಸಂಬಳವನ್ನು ಕೈಯಲ್ಲಿ ತೆಗೆದುಕೊಳ್ಳದೆ ಖಾತೆಗೆ ಹಾಕಿಸಿಕೊಳ್ಳಿರಿ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ. ಹೊರಡುವ ಮುಂಚೆಯೇ ನಿಮ್ಮ ಬ್ಯಾಂಕಿನಲ್ಲಿ ಮಾಡಿಸಿರಿ. ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಕರ್ನಾಟಕದಲ್ಲಿ 2024ರಲ್ಲಿ ಒಂದು ಕಾಯ್ದೆಯೇ ಬಂದಿದೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ ಹೆಸರು ನೋಂದಾಯಿಸಿರಿ.

ಇನ್ನೊಂದು ಎಚ್ಚರಿಕೆ. ಆರು ತಿಂಗಳು ಓಡಿಸಿದ ಮೇಲೆ ಸ್ವಂತ ಲಾರಿಯ ಆಸೆ ಹುಟ್ಟುವುದು ಸಹಜ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಹೊಲ ಮಾರಿ, ಇಲ್ಲವೆ ಹೊಲದ ಮೇಲೆ ಸಾಲ ತೆಗೆದು ಹಳೆಯ ಲಾರಿ ಕೊಳ್ಳಬೇಡಿ. ಕಂತು, ವಿಮೆ, ತೆರಿಗೆ, ಟೈರು ಇವು ಬಾಡಿಗೆ ಸಿಗದ ತಿಂಗಳಿನಲ್ಲಿಯೂ ಬರುತ್ತವೆ. ಮೂರು ನಾಲ್ಕು ವರ್ಷ ಬೇರೆಯವರ ಲಾರಿಯ ಲೆಕ್ಕ ಬರೆದವನಿಗೆ ಸ್ವಂತ ಲಾರಿ ಗಿಟ್ಟುವುದೋ ಇಲ್ಲವೋ ಎಂಬುದು ಆ ಪುಸ್ತಕವೇ ಹೇಳುತ್ತದೆ.

ಸೇರುವ ಮುಂಚೆ ಕೇಳಬೇಕಾದ ಹತ್ತು ಪ್ರಶ್ನೆಗಳು

1. ನೇಮಕಾತಿ ಪತ್ರ ಕೊಡುತ್ತೀರಾ?
2. ಸಂಬಳವೆಷ್ಟು, ಬಾಟಾ ಎಷ್ಟು, ಯಾವ ದಿನ ಖಾತೆಗೆ ಹಾಕುತ್ತೀರಿ?
3. ಲೋಡಿಗೆ ಕಾದ ದಿನಕ್ಕೆ ಬಾಟಾ ಉಂಟೇ?
4. ಯಾವ ಗಾಡಿಗೆ ಲೀಟರಿಗೆ ಎಷ್ಟು ಕಿಲೋಮೀಟರು ಗೊತ್ತುಮಾಡಿದ್ದೀರಿ? ಕಡಿಮೆ ಬಂದರೆ ಏನು?
5. ಟೈರು ಒಡೆದರೆ, ಸರಕು ನೆನೆದರೆ, ಚೀಲ ಕಡಿಮೆಯಾದರೆ ಯಾರ ಹೊಣೆ?
6. ದಂಡ ಬಿದ್ದರೆ ಯಾರು ಕಟ್ಟುತ್ತಾರೆ?
7. ದೂರದ ಟ್ರಿಪ್ಪಿಗೆ ಎರಡನೆಯ ಡ್ರೈವರು ಇರುತ್ತಾನೆಯೇ?
8. ವಾರದ ರಜೆ ಹೇಗೆ? ಎಷ್ಟು ದಿನಕ್ಕೊಮ್ಮೆ ಊರಿಗೆ ಬಿಡುತ್ತೀರಿ?
9. ಭವಿಷ್ಯನಿಧಿ, ಇ.ಎಸ್.ಐ., ವಿಮೆ ಇವೆಯೇ?
10. ಕೆಲಸ ಬಿಡಬೇಕಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು?

ಈ ಪುಟವನ್ನು ಕತ್ತರಿಸಿ ಹುಡುಗನ ಕೈಗೆ ಕೊಡಿರಿ. ಉತ್ತರಗಳನ್ನು ಅವನು ಇದರ ಬೆನ್ನಿಗೇ ಬರೆದುಕೊಂಡು ಬರಲಿ. ಹತ್ತಕ್ಕೂ ಒಳ್ಳೆಯ ಉತ್ತರ ಸಿಗುವ ಕಂಪೆನಿಗಳು ಹೆಚ್ಚಿಲ್ಲ. ಆದರೆ ಪ್ರಶ್ನೆ ಕೇಳಿದ್ದಕ್ಕೇ ಸಿಟ್ಟಾಗುವ ಕಂಪೆನಿಯ ಗಾಡಿಯನ್ನು ಹತ್ತದಿರುವುದೇ ಲೇಸು.

ಮನೆಯವರಿಗೂ ಒಂದು ಮಾತು. ಲಾರಿಯಲ್ಲಿರುವ ಮಗನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಬೇಡಿ. ಅವನು ಊಟಕ್ಕೆ ನಿಲ್ಲಿಸಿದಾಗ ತಾನೇ ಮಾಡಲೆಂದು ಒಂದು ಹೊತ್ತು ಗೊತ್ತುಮಾಡಿಕೊಳ್ಳಿರಿ. ಕೇಳಬೇಕಾದದ್ದು “ಎಷ್ಟು ದೂರ ಬಂದೆ?” ಎಂದಲ್ಲ, “ನಿನ್ನೆ ಎಷ್ಟು ಹೊತ್ತು ಮಲಗಿದ್ದೆ?” ಎಂದು. ಅರ್ಜಿ ಬರೆಯುವುದಕ್ಕಾಗಲಿ, ನೇಮಕಾತಿ ಪತ್ರ ಓದಿ ತಿಳಿಯುವುದಕ್ಕಾಗಲಿ ಸಹಾಯ ಬೇಕಾದವರು ಗ್ರಾಮಸೇವಕರನ್ನು ಪಂಚಾಯಿತಿ ಕಚೇರಿಯಲ್ಲಿ ಕಾಣಬಹುದು.